ಮಳೆ ರಜೆಯ ನಾಡಿನಲ್ಲಿ ಅಕ್ಕಂದಿರ ಶಾಲೆ

ಶಿವಮೊಗ್ಗ ಬಿಟ್ಟ ಬಸ್ಸು ಕಾಡು ಹೊಕ್ಕಿದ್ದೇ ತಡ, ಕಿಟಕಿಯ ಗಾಜು ಒಳಗೂ ಹೊರಗೂ ಒದ್ದೆಯಾಯಿತು. ಪುಷ್ಯ ಮಳೆ. ನಮ್ಮ ಚಳ್ಳಕೆರೆ ಕಡೆ ಈ ಮಳೆ ಪಂಚಾಂಗದಲ್ಲಿ ಮಾತ್ರ ಬಂದು ಹೋಗುತ್ತದೆ. ಇಲ್ಲಿ ಅದು ಬಸ್ಸಿನ ಚಾವಣಿಯ ಯಾವುದೋ ಸಂದಿಯಿಂದ ಇಳಿದು ನನ್ನ ಎಡ ಹೆಗಲ ಮೇಲೆ ಲೆಕ್ಕ ಹಾಕಿದಂತೆ ಹನಿಯುತ್ತಿದೆ. ಪಕ್ಕದಲ್ಲಿದ್ದ ಹಿರಿಯರು ಬಹಳ ಹೊತ್ತು ಸುಮ್ಮನೆ ನೋಡಿ, ಕೊನೆಗೆ ಕರುಣೆ ಬಂದು, "ಈಚೆ ಬನ್ನಿ ಮಾರಾಯ್ರೆ, ಅದು ಸೋರುವ ಸೀಟು. ಗೊತ್ತಿದ್ದವ್ರು ಯಾರೂ ಅಲ್ಲಿ ಕೂರಲ್ಲ" ಎಂದರು. ಬಸ್ಸು ತುಂಬಿ ತುಳುಕುತ್ತಿದ್ದರೂ ಆ ಒಂದು ಸೀಟು ಮಾತ್ರ ನನಗಾಗಿ ಖಾಲಿ ಉಳಿದಿದ್ದರ ಗುಟ್ಟು ಆಗ ತಿಳಿಯಿತು.

ನಾನು ಹೊರಟದ್ದು ಜಲಪಾತ ನೋಡಲಿಕ್ಕಲ್ಲ. ಕೊಪ್ಪದ ಕಡೆ ಬಹಳ ವರ್ಷ ಮೇಷ್ಟರಾಗಿದ್ದ ಗೆಳೆಯನೊಬ್ಬ ಪ್ರತಿ ಸಲ ಸಿಕ್ಕಾಗಲೂ, "ಮಳೆಗಾಲದಲ್ಲಿ ಒಂದ್ಸಲ ಬಂದು ನಮ್ಮ ಮಕ್ಕಳು ಶಾಲೆಗೆ ಹೋಗೋದನ್ನ ನೋಡಯ್ಯ. ಇಲ್ಲಿ ಅರ್ಧ ಪಾಠ ಮೇಷ್ಟ್ರು ಮಾಡ್ತಾರೆ, ಇನ್ನರ್ಧ ದೊಡ್ಡ ಮಕ್ಕಳು ಮಾಡ್ತಾರೆ" ಎನ್ನುತ್ತಿದ್ದ. ನಮ್ಮೂರಲ್ಲಿ ಶಾಲೆ ಎಂದರೆ ಮನೆಯ ಬಾಗಿಲಲ್ಲಿ ನಿಂತರೆ ಕಾಣುವ ಕಟ್ಟಡ, ಗಂಟೆ ಹೊಡೆದ ಮೇಲೆ ಓಡಿದರೂ ಪ್ರಾರ್ಥನೆಗೆ ಸಿಗುತ್ತದೆ. ಶಾಲೆಗೆ ಹೋಗುವುದರಲ್ಲಿ ನೋಡುವಂಥದ್ದು ಏನಿದೆ ಎಂಬ ಕುತೂಹಲಕ್ಕೆ ಕೊಡೆ ಹಿಡಿದು ಹೊರಟೆ.

ಮೊದಲು ಇಳಿದ ಊರಿನ ಬೋರ್ಡಿನ ಮೇಲೆ ನರಸಿಂಹರಾಜಪುರ ಎಂದಿದ್ದರೂ ಬಾಯಿ ತುಂಬ ಹಾಗೆ ಕರೆಯುವವರು ಕಡಿಮೆ, ಎಲ್ಲರಿಗೂ ಅದು ಎನ್.ಆರ್. ಪುರ. ಹಳೆಯ ಹೆಸರು ಎಡೇಹಳ್ಳಿ. ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರು ಊರಿಗೆ ಅಂಟಿದ್ದು ತರೀಕೆರೆಯಿಂದ ಇಲ್ಲಿಗೆ ಕಿರುಹಳಿಯ ಟ್ರಾಮ್ ಬಂದ ಕಾಲದಲ್ಲಿ. ಮರ ಸಾಗಿಸಿದ ಆ ಹಳಿ ಎಂದೋ ಮಾಯವಾಗಿದೆ. ಇವತ್ತು ಎನ್.ಆರ್. ಪುರ, ಕೊಪ್ಪ, ಶೃಂಗೇರಿ, ಈ ಮೂರು ತಾಲ್ಲೂಕಿನಲ್ಲಿ ಎಲ್ಲೂ ರೈಲಿಲ್ಲ. ಊರ ಬದಿಗೆ ಬಂದು ನಿಂತಿರುವ ಹಿನ್ನೀರನ್ನು ನೋಡುತ್ತಾ ನಿಲ್ಲುತ್ತೇನೆ. ಲಕ್ಕವಳ್ಳಿಯಲ್ಲಿ 1965ರ ಹೊತ್ತಿಗೆ ಕಟ್ಟಿ ಮುಗಿಸಿದ ಭದ್ರಾ ಅಣೆಕಟ್ಟೆಯ ನೀರು ಇದು. ಇದರಡಿಯಲ್ಲಿ ಗದ್ದೆಗಳಿವೆ, ಊರುಗಳಿವೆ. ನಮ್ಮ ಚಿತ್ರದುರ್ಗದವರು 'ಭದ್ರಾ ಮೇಲ್ದಂಡೆ, ಭದ್ರಾ ಮೇಲ್ದಂಡೆ' ಎಂದು ಎಷ್ಟೋ ವರ್ಷದಿಂದ ಜಪ ಮಾಡುತ್ತಿರುವ ನೀರೂ ಇದೇ. ಬೇಕೆಂದವರಿಗೆ ಇನ್ನೂ ಪೂರ್ತಿ ತಲುಪಿಲ್ಲ, ಬೇಡವೆಂದವರನ್ನು ಎಬ್ಬಿಸಿ ಅರ್ಧ ಶತಮಾನ ದಾಟಿದೆ.

ಪೇಟೆಯಲ್ಲಿ ಒಂದು ಟೀ ಕುಡಿಯುವಷ್ಟರಲ್ಲಿ ಕನ್ನಡ, ಮಲಯಾಳ, ತುಳು, ಕೊಂಕಣಿ, ಬ್ಯಾರಿ ಎಲ್ಲ ಕಿವಿಗೆ ಬೀಳುತ್ತವೆ. ಕೇರಳದಿಂದ ಬಂದು ನೆಲೆಸಿ ರಬ್ಬರು, ಶುಂಠಿ ಬೆಳೆದ ಕ್ರೈಸ್ತ ಕುಟುಂಬಗಳ ಇಗರ್ಜಿ ಒಂದು ಕಡೆ, ಜ್ವಾಲಾಮಾಲಿನಿಯ ಸಿಂಹನಗದ್ದೆ ಬಸದಿ ಇನ್ನೊಂದು ಕಡೆ. ಆ ಟೀ ಅಂಗಡಿಯಲ್ಲೇ ನನಗೆ ಮೊದಲ ಇಂಬಳದ, ಅಂದರೆ ಕಾಡುಜಿಗಣೆಯ, ಪರಿಚಯವೂ ಆಯಿತು. ಎಲ್ಲಿ ಹತ್ತಿತ್ತೋ ಗೊತ್ತಿಲ್ಲ, ಕಾಲುಚೀಲದೊಳಗೆ ಹೊಟ್ಟೆ ತುಂಬ ಉಂಡು ದುಂಡಗಾಗಿ ಮಲಗಿತ್ತು. ನಾನು ಕಿರುಚಿದೆ. ಅಂಗಡಿಯವರು ಎಲೆಯಡಿಕೆ ತಟ್ಟೆಯ ಸುಣ್ಣವನ್ನು ಬೆರಳತುದಿಯಲ್ಲಿ ತೆಗೆದು ಮುಟ್ಟಿಸಿ, ಅದು ಉದುರಿದ ಮೇಲೆ, "ಹತ್ತು ರೂಪಾಯಿ" ಎಂದರು. ಗಾಬರಿಯಾದೆ. ಅದು ಟೀಯ ಲೆಕ್ಕ, ಸುಣ್ಣ ಪುಕ್ಕಟೆ.

ಊರಿನಿಂದ ಸ್ವಲ್ಪ ದೂರದಲ್ಲಿ ಕಾಫಿ ತೋಟಗಳ ನಡುವೆ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಹೆಂಚಿನ ಮಾಡು, ಪಾಚಿ ಕಟ್ಟಿದ ಗೋಡೆ. ಬಾಗಿಲಲ್ಲಿ ಸಾಲಾಗಿ ಬಿಚ್ಚಿಟ್ಟ ಪುಟ್ಟ ಕೊಡೆಗಳನ್ನು ದಾಟಿ ಒಳಗೆ ಹೋಗಬೇಕು. ಬೆರಳೆಣಿಕೆಯ ಮಕ್ಕಳು. ತಲೆಯ ಮೇಲೆ ಅಡ್ಡಡ್ಡ ಕಟ್ಟಿದ ದಾರಗಳಲ್ಲಿ ಚಿತ್ರದ ಕಾರ್ಡುಗಳು ತೂಗಾಡುತ್ತಿವೆ, ನಲಿಕಲಿಯ ಚಪ್ಪರ. ಗೋಡೆಯ ಬುಡದಲ್ಲಿ ಮಕ್ಕಳ ಎದೆಯ ಎತ್ತರಕ್ಕೆ ಕಪ್ಪು ಬಳಿದು ಒಬ್ಬೊಬ್ಬರಿಗೆ ಒಂದೊಂದು ಪಾಲು ಹಂಚಿದ್ದಾರೆ. ಸೀಮೆಸುಣ್ಣ ಹಿಡಿದ ಹುಡುಗಿಯೊಬ್ಬಳು ನನ್ನ ಕಡೆ ತಿರುಗಿಯೂ ನೋಡದೆ 'ರ, ಗ, ಸ, ದ, ಅ' ಎಂದು ಬರೆಯುತ್ತಿದ್ದಾಳೆ. ಅ ಆ ಇ ಈ ಎಂದು ಊರೆಲ್ಲ ಕೇಳುವಂತೆ ಕೂಗಿ ಕಲಿತವನಿಗೆ ಇದು ಲೋಕವೇ ತಲೆಕೆಳಗಾದಂತೆ ಕಾಣುತ್ತದೆ. ಬರೆಯಲು ಸುಲಭವಾದವು ಮೊದಲು, ಅವು ಕೂಡಿ ಪದವಾಗುವಂತಿರಬೇಕು ಎಂಬುದು ಲೆಕ್ಕ. ಐದೇ ಅಕ್ಷರಕ್ಕೆ 'ಅರಸ', 'ಗರಗಸ', 'ದರ' ಎಲ್ಲ ಓದಲು ಬರುತ್ತದೆ. ನಾನು ಹಿಂದೆ 'ಅಃ' ತನಕ ಹೋಗಿ ಕುಳಿತಾಗ ನನಗೆ ಓದಲು ಬರುತ್ತಿದ್ದ ಪದ ಒಂದೂ ಇರಲಿಲ್ಲ! 1995ರಲ್ಲಿ ಹೆಗ್ಗಡದೇವನಕೋಟೆಯ ಕಾಡಂಚಿನ ಶಾಲೆಗಳ ಮೇಷ್ಟರುಗಳು ಆಂಧ್ರದ ರಿಷಿವ್ಯಾಲಿ ನೋಡಿಬಂದು ಕಟ್ಟಿದ ಪದ್ಧತಿ ಇದು, ಆಮೇಲೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಒಬ್ಬರೇ ಶಿಕ್ಷಕರು ಮೂರು ತರಗತಿಯನ್ನು ಒಂದೇ ಕೋಣೆಯಲ್ಲಿ ನಡೆಸಬೇಕಾದ ಕಡೆಗೇ ಹುಟ್ಟಿದ್ದು ಎಂಬುದು ಮಲೆನಾಡಿನಲ್ಲಿ ಕೂತು ನೋಡಿದಾಗ ಇನ್ನಷ್ಟು ಅರ್ಥವಾಗುತ್ತದೆ. ಇಲ್ಲಿ ಒಂದು ಗುಡ್ಡಕ್ಕೆ ನಾಲ್ಕು ಮನೆ, ನಾಲ್ಕು ಮನೆಗೆ ಮೂರು ಮಗು.

ಒಂದು ಮೂಲೆಯಲ್ಲಿ ಅಸ್ಸಾಮಿನ ಹುಡುಗ. ಅಪ್ಪ ಅಮ್ಮ ಕಾಫಿ ತೋಟಕ್ಕೆ ಕೆಲಸಕ್ಕೆಂದು ಬಂದವರು. ಮನೆಯಲ್ಲಿ ಒಂದು ಭಾಷೆ, ತೋಟದ ಕೂಲಿ ಲೈನಿನಲ್ಲಿ ಒಂದು ಭಾಷೆ, ಶಾಲೆಯಲ್ಲಿ ಕನ್ನಡ. ಶಿಕ್ಷಕಿ ಹೇಳಿದರು: "ಅವನ ಅಪ್ಪನಿಗೆ ಕನ್ನಡ ಓದಲಿಕ್ಕೆ ಬರಲ್ಲ. ಔಷಧಿ ಡಬ್ಬದ ಮೇಲೆ ಏನು ಬರೆದಿದೆ ಅಂತ ಇವನೇ ಓದಿ ಹೇಳ್ತಾನೆ." ಹುಡುಗ ನಾಚಿಕೊಂಡು, ಗೋಡೆಯ ಮೇಲಿನ ತನ್ನ ಪಾಲಿನಲ್ಲಿ 'ಅಪಾಯ' ಎಂದು ಬರೆದು ತೋರಿಸಿದ. ಪ-ಕ್ಕೆ ಇಳಿ ಕೊಟ್ಟದ್ದು ಸ್ವಲ್ಪ ಉದ್ದವಾಗಿ ಪಕ್ಕದವಳ ಪಾಲಿಗೆ ನುಗ್ಗಿತ್ತು. ಅವಳು ಅಂಗೈಯಲ್ಲಿ ಒರೆಸಿಬಿಟ್ಟಳು.

ಅಲ್ಲಿಂದ ಬಾಳೆಹೊನ್ನೂರು. ಭದ್ರೆಯ ಸೇತುವೆಯ ಮೇಲೆ ಬಸ್ಸು ನಿಧಾನವಾದಾಗ ಕೆಳಗೆ ಕೆಂಪು ಹೊಳೆ ಮರದ ದಿಮ್ಮಿಗಳನ್ನು ಹೊತ್ತು ಓಡುತ್ತಿದೆ. ರಂಭಾಪುರಿ ಪೀಠದ ಊರು. 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರವೂ ಇಲ್ಲೇ. ಪಕ್ಕದ ಸೀಗೋಡಿನಲ್ಲಿ ಜಿಲ್ಲೆಯ ನವೋದಯ ವಿದ್ಯಾಲಯವಿದೆ. ಐದನೇ ತರಗತಿಯ ಮಕ್ಕಳು ಪರೀಕ್ಷೆ ಬರೆದು ಆರನೆಯದಕ್ಕೆ ಸೇರುವ ಈ ಶಾಲೆಯ ಸೀಟುಗಳಲ್ಲಿ ಮುಕ್ಕಾಲು ಪಾಲು ಹಳ್ಳಿ ಮಕ್ಕಳಿಗೆ ಮೀಸಲು. ಬಸ್ಸಿನಲ್ಲಿ ಪಕ್ಕ ಕುಳಿತ ತಾಯಿಯೊಬ್ಬರು ಮಗನನ್ನು ನೋಡಿಕೊಂಡು ಬರುತ್ತಿದ್ದರು. ಹೆಮ್ಮೆಯಿಂದ ಹೇಳಿ ಮುಗಿಸಿದ ಮೇಲೆ ಕೊಂಚ ತಡೆದು, "ಇವನಿದ್ದಾಗ ತಂಗಿಗೆ ಇವನೇ ಓದಿಸ್ತಿದ್ದ. ಈಗ ಅವಳ ಪುಸ್ತಕ ಬಿಚ್ಚಿಸೋರೇ ಇಲ್ಲ" ಎಂದರು. ಗೆಳೆಯನ ಮಾತಿನ ಬಾಲ ಆಗ ಸ್ವಲ್ಪ ಕೈಗೆ ಸಿಕ್ಕಿತು.

ಕೊಪ್ಪ ತಲುಪಿದಾಗ ಪೇಟೆಯೇ ಏರಿಳಿತದ ಮೆಟ್ಟಿಲಿನ ಹಾಗೆ ಕಂಡಿತು. ಸಮತಟ್ಟಾಗಿ ನಿಲ್ಲಲು ಜಾಗ ಬೇಕೆಂದರೆ ಬಸ್‌ ನಿಲ್ದಾಣಕ್ಕೇ ಬರಬೇಕು. ನಾನು ಅಲ್ಲೇ ಬಹಳ ಹೊತ್ತು ಕೂತೆ. ಹೋಟೆಲಿನವರು ಕಡುಬಿಗೆ ಚಟ್ನಿಯನ್ನೂ ಮೇಲಿಂದ ಕೊಬ್ಬರಿ ಎಣ್ಣೆಯನ್ನೂ ಹಾಕಿ ಕೊಟ್ಟರು. ನಮ್ಮ ಕಡೆ ಕೊಬ್ಬರಿ ಎಣ್ಣೆ ತಲೆಗೆ. ಮೊದಲ ತುತ್ತಿಗೆ ತಲೆ ತೊಳೆದ ನೆನಪಾದರೂ, ಮೂರನೆಯ ಕಡುಬಿನ ಹೊತ್ತಿಗೆ ಎಣ್ಣೆಯ ಬಟ್ಟಲನ್ನು ನಾನೇ ಎಳೆದುಕೊಂಡಿದ್ದೆ.

ಮಲೆನಾಡಿನ ಹದಿಹರೆಯದ ಓದಿನ ಚರಿತ್ರೆಯನ್ನು ಬರೆಯುವವರು ಈ ನಿಲ್ದಾಣದಿಂದಲೇ ಶುರು ಮಾಡಬೇಕು ಎಂಬುದು ನನ್ನ ಅಭಿಪ್ರಾಯ. ಏಳನೆಯ ತನಕ ಹೇಗೋ ನಡೆದು ಹೋಗುವ ಶಾಲೆ ಇರುತ್ತದೆ. ಹೈಸ್ಕೂಲಿಗೆ, ಅದಕ್ಕಿಂತ ಹೆಚ್ಚಾಗಿ ಪಿಯುಸಿಗೆ, ಬಸ್ಸು ಬೇಕು. 1991ರಲ್ಲಿ ಇಲ್ಲಿಯ ಶಂಕರ್ ಕಂಪನಿಯ ಬಸ್ ಕಾರ್ಮಿಕರು ಮಾಲೀಕರೊಂದಿಗಿನ ದೊಡ್ಡ ತಕರಾರಿನ ಕೊನೆಗೆ ತಾವೇ ಸಹಕಾರ ಸಂಘ ಕಟ್ಟಿ ಬಸ್ ಓಡಿಸಲು ಇಳಿದರು. ಡ್ರೈವರ್, ಕಂಡಕ್ಟರ್, ಮೆಕ್ಯಾನಿಕ್ಕುಗಳೇ ಮಾಲೀಕರು. ಕೆಲವೇ ಬಸ್ಸಿನಿಂದ ಹೊರಟ ಈ 'ಸಹಕಾರ ಸಾರಿಗೆ' ಎಪ್ಪತ್ತಕ್ಕೂ ಹೆಚ್ಚು ಬಸ್ಸುಗಳ ತನಕ ಬೆಳೆಯಿತು. ಬೇರೆಯವರು ಲಾಭವಿಲ್ಲವೆಂದು ಹೋಗದ ಮೂಲೆಗಳಿಗೆ ಹೋಯಿತು, ವಿದ್ಯಾರ್ಥಿಗಳಿಗೆ ರಿಯಾಯಿತಿ ಪಾಸು ಕೊಟ್ಟಿತು. ಡೀಸೆಲ್ ದರ, ವಿಮೆ, ತೆರಿಗೆಗಳ ಭಾರ ಏರುತ್ತಾ ಹೋಗಿ 2020ರ ಫೆಬ್ರುವರಿಯಲ್ಲಿ ನಿಂತಿತು. "ಆ ಬಸ್ಸಲ್ಲಿ ಪಾಸ್ ತೋರಿಸಿದ್ರೆ ಕಂಡಕ್ಟರ್ ಮುಖ ಸಿಂಡರಿಸ್ತಿರ್ಲಿಲ್ಲ. ನಮ್ಮನೆ ಅಣ್ಣನ ಹಾಗೆ 'ಪರೀಕ್ಷೆ ಹ್ಯಾಂಗಾಯ್ತು' ಅಂತ ಕೇಳ್ತಿದ್ರು" ಎಂದರು ನಿಲ್ದಾಣದಲ್ಲಿ ಸಿಕ್ಕ, ಈಗ ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಮಹಿಳೆ. ಅವರು ಹಾಗೆ ಓದಿ ಮುಂದೆ ಬಂದವರು.

2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟು ಉಚಿತ. ನಮ್ಮ ಕಡೆ ಅದರಿಂದ ಕಾಲೇಜಿನ ಹುಡುಗಿಯರಿಗೆ ಎಷ್ಟು ಅನುಕೂಲವಾಯಿತೆಂದು ಕಣ್ಣಾರೆ ಕಂಡಿದ್ದೇನೆ. ಆದರೆ ಈ ಮೂರು ತಾಲ್ಲೂಕಿನ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಸರ್ಕಾರದ ಉಚಿತ ಟಿಕೆಟ್ಟು ಮುಖ್ಯ ರಸ್ತೆಯಲ್ಲಿ ಹೋಗುತ್ತದೆ, ಹುಡುಗಿ ಗುಡ್ಡದ ಹಿಂದೆ ಇರುತ್ತಾಳೆ. ಸೈಕಲ್ಲಿನದೂ ಅದೇ ಕಥೆ. 2006-07ರಲ್ಲಿ ಎಂಟನೇ ತರಗತಿಯವರಿಗೆ ಸೈಕಲ್ ಕೊಡುವ ಯೋಜನೆ ಬಂದಾಗ ಬಯಲುಸೀಮೆಯಲ್ಲಿ ಹಬ್ಬ. ಇಲ್ಲಿ ಅರ್ಧ ದಾರಿ ಮಕ್ಕಳು ಸೈಕಲ್ಲನ್ನು ಹೊರುತ್ತಿದ್ದರಂತೆ! ರಸ್ತೆ ಬದಿಯ ಕಿರಾಣಿ ಅಂಗಡಿಯವರೊಬ್ಬರು ತಮ್ಮ ಅಂಗಡಿಯ ಹಿಂಭಾಗವೇ ಸೈಕಲ್ ಸ್ಟ್ಯಾಂಡಾಗಿತ್ತೆಂದು ನಗುತ್ತಾ ನೆನೆದರು.

ಕೊಪ್ಪದಲ್ಲಿ ಹಳಬರ ಜೊತೆ ಶಾಲೆಯ ಮಾತು ತೆಗೆದರೆ ಎಚ್.ಜಿ. ಗೋವಿಂದೇಗೌಡರ ಹೆಸರು ಬಾರದೆ ಇರುವುದಿಲ್ಲ. ಈ ಕ್ಷೇತ್ರದಿಂದ ಗೆದ್ದು 1994ರ ನಂತರದ ಜನತಾದಳ ಸರ್ಕಾರದಲ್ಲಿ ಶಿಕ್ಷಣ ಮಂತ್ರಿಯಾದವರು. ಲಕ್ಷದಷ್ಟು ಪ್ರಾಥಮಿಕ ಶಾಲಾ ಶಿಕ್ಷಕರನ್ನು ಅಂಕದ ಮೇಲೆ, ಲಂಚ ಶಿಫಾರಸ್ಸುಗಳಿಗೆ ಜಾಗವಿಲ್ಲದಂತೆ ನೇಮಿಸಿದ ಕೀರ್ತಿ ಅವರದು. ನಮ್ಮೂರಿನಲ್ಲೂ ಅವರ ಕಾಲದಲ್ಲಿ ನೇಮಕವಾದ ಮೇಷ್ಟರಿದ್ದಾರೆ. ಹಮಾಲರ ಮಗ, ಒಂದು ಪೈಸೆ ಕೊಡದೆ ಕೆಲಸಕ್ಕೆ ಸೇರಿದೆ ಎಂದು ಈಗಲೂ ಹೇಳಿಕೊಳ್ಳುತ್ತಾರೆ. ಗೌಡರು 2016ರಲ್ಲಿ ತೀರಿಕೊಂಡರು. ಮಳೆಗೆ ಬೆಚ್ಚಗೆ ಕುಳಿತ ಹಿರಿಯರೊಬ್ಬರು, "ಮಂತ್ರಿ ಆಗಿದ್ದವ್ರು ಇದೇ ರಸ್ತೇಲಿ ನಡ್ಕೊಂಡು ಹೋಗ್ತಿದ್ರು ಮಾರಾಯ್ರೆ" ಎಂದು ಅವರು ಈಗಲೂ ಹೋಗುತ್ತಿದ್ದಾರೇನೋ ಎಂಬಂತೆ ರಸ್ತೆ ನೋಡಿದರು.

ಗೆಳೆಯ ನೋಡಲೇಬೇಕೆಂದು ಹೇಳಿದ್ದು ಕೊಪ್ಪ ತಾಲ್ಲೂಕಿನ ಒಂದು ಗ್ರಾಮ ಪಂಚಾಯ್ತಿಯ ಗ್ರಂಥಾಲಯವನ್ನು. ಮೊದಲು ಗ್ರಂಥಾಲಯ ಇಲಾಖೆಯ ಕೈಯಲ್ಲಿದ್ದ ಈ ಹಳ್ಳಿ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಬಂದವು. ಮಾರನೆಯ ವರ್ಷ ಕೊರೊನಾದಿಂದ ಶಾಲೆಗಳು ಮುಚ್ಚಿದ್ದಾಗ 'ಓದುವ ಬೆಳಕು' ಎಂಬ ಕಾರ್ಯಕ್ರಮದಲ್ಲಿ ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ಈಗ ಇವಕ್ಕೆ 'ಅರಿವು ಕೇಂದ್ರ' ಎಂದು ಹೆಸರು. ಆರು ವರ್ಷದವರಿಗೂ ಹದಿನೆಂಟರವರಿಗೂ ಒಂದೇ ಬಾಗಿಲು ತೆರೆದದ್ದರಿಂದ ಏನಾಯಿತೆಂಬುದನ್ನು ನೋಡಲು ಸಂಜೆ ನಾಲ್ಕೂವರೆಗೆ ಹೋಗಬೇಕು.

ಹೋಗುತ್ತೇನೆ. ಬಾಗಿಲಲ್ಲಿ ಚಪ್ಪಲಿಗಳ ರಾಶಿ, ಒಳಗೆ ಒದ್ದೆ ಯೂನಿಫಾರ್ಮಿನ ವಾಸನೆ. ಮೇಲ್ವಿಚಾರಕರು ರಿಜಿಸ್ಟರಿನ ಮೇಲೆ ಸೋರುವ ಹನಿಗೆ ಡಬ್ಬ ಇಟ್ಟು ಕೂತಿದ್ದಾರೆ. ಕಿಟಕಿಯ ಪಕ್ಕ ದ್ವಿತೀಯ ಪಿಯುಸಿಯ ಹುಡುಗಿ ಲೆಕ್ಕಶಾಸ್ತ್ರದ ಪುಸ್ತಕ ತೆರೆದಿಟ್ಟುಕೊಂಡಿದ್ದಾಳೆ. ಅವಳ ಊರಿನ ಕಡೆಯ ಬಸ್ಸು ಐದೂಮುಕ್ಕಾಲಿಗೆ. ಅಲ್ಲಿಯ ತನಕ ಮಳೆಯಲ್ಲಿ ನಿಲ್ಲುವುದರ ಬದಲು ಇಲ್ಲಿ ಕೂರುತ್ತಾಳೆ. ಅವಳ ಎರಡೂ ಪಕ್ಕ, ಎದುರು, ಬೆನ್ನ ಹಿಂದೆ ಚಿಲ್ಟು ಮಕ್ಕಳು. ಕೆಲವರು ಅದೇ ಬಸ್ಸಿಗೆ ಕಾಯುವವರು, ಕೆಲವರು ಪಕ್ಕದ ಮನೆಗಳವರು.

"ಅಕ್ಕಾ, ಇದು."

ಒಂದನೆಯದೋ ಎರಡನೆಯದೋ ಇರಬೇಕು, ಮುಂದಿನ ಎರಡು ಹಲ್ಲಿಲ್ಲ. ಕಪ್ಪೆಯ ಚಿತ್ರದ ಪುಸ್ತಕ ಹಿಡಿದಿದ್ದಾನೆ. ಅವಳು ಪೆನ್ನು ಕಿವಿಗೆ ಸಿಕ್ಕಿಸಿ, ಓದಿಹೇಳದೆ, ಅವನ ಬೆರಳು ಹಿಡಿದು ಮೊದಲ ಪದದ ಮೇಲಿಟ್ಟಳು. 'ಕಪ್ಪೆ' ಎಂದ. ಚಿತ್ರ ನೋಡಿ ಹೇಳಿದನೆಂದು ಅವಳಿಗೆ ಗೊತ್ತು. ಚಿತ್ರವನ್ನು ಅಂಗೈಯಲ್ಲಿ ಮುಚ್ಚಿದಳು. ಈಗ ಬೆರಳು ನಿಧಾನವಾಯಿತು. "ಕೆ... ಕೆರೆ... ಕೆರೆಗೆ... ಹ-ಕ್ಕೆ ಇಳಿ ಹಾ... ಹಾರಿ..." ಅಲ್ಲಿ ತ-ದ ಕೆಳಗೆ ನೇತಾಡುತ್ತಿದ್ದ ಒತ್ತು ಬಂತು. ಹುಡುಗ ಒತ್ತಕ್ಷರವನ್ನು ಬಿಟ್ಟು ನೆಗೆಯಲು ನೋಡಿದ. "ಕೆಳಗಿರೋನ್ನ ಬಿಟ್ ಹೋಗ್ಬೇಡ, ಪಾಪ ಅವನು ಮಳೇಲಿ ನೆನೀತಾನೆ" ಎಂದಳು ಅಕ್ಕ. ಹುಡುಗ ಮತ್ತೆ ಹಿಂದೆ ಹೋಗಿ "ಹಾರಿತ್ತು" ಎಂದು ಜೋರಾಗಿ ಮುಗಿಸಿದ. ಸುತ್ತಲಿದ್ದವರೆಲ್ಲ 'ಹಾರಿತ್ತು' ಎಂದು ಕೂಗಿದರು. ಮೇಲ್ವಿಚಾರಕರು "ಮೆಲ್ಲ" ಎಂದರು, ನಗುತ್ತಲೇ. ಅಕ್ಕ ಕಿವಿಯಿಂದ ಪೆನ್ನು ತೆಗೆದು ಬ್ಯಾಲೆನ್ಸ್ ಶೀಟಿಗೆ ಮರಳಿದಳು.

ನಾನು ಬಿ.ಎಡ್. ಮಾಡಿದವರ ಎಷ್ಟೋ ಮಾದರಿ ಪಾಠ ನೋಡಿದ್ದೇನೆ. ಚಿತ್ರ ಮುಚ್ಚುವ ಆ ಅಂಗೈ ಕಂಡಿರಲಿಲ್ಲ.

ಮಾತಾಡಿಸಿದೆ. ಅವಳ ಅಪ್ಪನದು ಒಂದೂವರೆ ಎಕರೆ ಅಡಿಕೆ ತೋಟ. ಹಳದಿ ಎಲೆ ರೋಗ ಈ ಮೂರು ತಾಲ್ಲೂಕಿನ ತೋಟಗಳನ್ನು ದಶಕಗಳಿಂದ ತಿನ್ನುತ್ತಿದೆ, ಈಚೆಗೆ ಎಲೆಚುಕ್ಕಿಯೂ ಸೇರಿದೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೊ ಹೊಡೆಸುವ ಕೂಲಿಗೇ ಕೈಯಲ್ಲಿರುವುದು ಮುಗಿಯುತ್ತದೆ. ಹತ್ತನೆಯದಾದ ಮೇಲೆ ಬಿಡಿಸುವ ಮಾತು ಮನೆಯಲ್ಲಿ ಬಂದಿತ್ತು. ಪೇಟೆಯ ಹಾಸ್ಟೆಲಿನಲ್ಲಿ ಸೀಟು ಸಿಗಲಿಲ್ಲ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ತಿಂಗಳು ತಿಂಗಳು ಹಣ ಕೊಡುವ ವಿದ್ಯಾಸಿರಿಯ ಅರ್ಜಿಯನ್ನು ಈ ಗ್ರಂಥಾಲಯದ ಕಂಪ್ಯೂಟರಿನಲ್ಲೇ ಮೇಲ್ವಿಚಾರಕರ ಸಹಾಯದಿಂದ ತುಂಬಿದಳಂತೆ. "ಬಂತಾ?" ಎಂದೆ. "ಬರ್ತದೆ ಸರ್, ಸರ್ವರ್ ಬಂದಾಗ" ಎಂದಳು. ಆ ದಿನ ಕರೆಂಟೇ ಇರಲಿಲ್ಲ.

ಬಸ್ಸಿನಲ್ಲಿ ಅವಳ, ಆ ಮಕ್ಕಳ ಜೊತೆಗೇ ಹೋದೆ. ಇಳಿದ ಮೇಲೆ ಒಂದು ಮೈಲಿಗೂ ಮಿಕ್ಕಿ ಕಾಲುದಾರಿ. ಆಗ ನೋಡಿದ್ದು ಗೆಳೆಯ ಹೇಳಿದ್ದನ್ನು. ಮುಂದೆ ಅಕ್ಕ, ಹಿಂದೆ ಎತ್ತರದ ಪ್ರಕಾರ ಇಳಿಯುತ್ತಾ ಹೋಗುವ ಸಾಲು. ತಲೆ ಮೇಲೆ ಗೊಬ್ಬರದ ಚೀಲದ ಕೊಪ್ಪೆ. ಹಳ್ಳಕ್ಕೆ ಎರಡು ಅಡಿಕೆ ಮರ ಅಡ್ಡ ಹಾಕಿ ಕಾಲುಸಂಕ ಮಾಡಿದ್ದಾರೆ, ಹಿಡಿಯಲು ಒಂದು ಬಿದಿರು. ಕೆಳಗೆ ನೀರು ಬುಸುಗುಟ್ಟುತ್ತಿದೆ. ನಮ್ಮೂರ ವೇದಾವತಿ ಇಷ್ಟು ಸದ್ದು ಮಾಡಿದರೆ ಊರೇ ಪೂಜೆಗೆ ಓಡುತ್ತದೆ. ಅವಳು ಚಿಕ್ಕವರ ಬ್ಯಾಗುಗಳನ್ನು ಮೊದಲು ದಾಟಿಸಿ, ಆಮೇಲೆ ಒಬ್ಬೊಬ್ಬರನ್ನೇ ಕೈ ಹಿಡಿದು ದಾಟಿಸಿ, ಕೊನೆಗೆ ನನ್ನ ಕಡೆ ನೋಡಿ, "ಸರ್, ನಿಮ್ಮ ಬ್ಯಾಗೂ ಕೊಡಿ" ಎಂದಳು. ಕೊಟ್ಟೆ. ನಾನು ದಾಟಿದ ಭಂಗಿಯನ್ನು ಇಲ್ಲಿ ವರ್ಣಿಸುವ ಅಗತ್ಯವಿಲ್ಲ. ಚಿಕ್ಕವರಿಗೆ ಅದರಿಂದ ಬಹಳ ಖುಷಿಯಾಯಿತು.

ದಾರಿಯಲ್ಲಿ ಅರಣ್ಯ ಇಲಾಖೆಯ ಬೋರ್ಡು, ವಿದ್ಯುತ್ ಕಂಬದ ಅಂಕಿ, ಯಾರದೋ ಗೇಟಿನ ಹೆಸರು, ಎಲ್ಲವನ್ನೂ ಮಕ್ಕಳು ಓದುತ್ತಾ ಹೋಗುತ್ತಾರೆ. ಅದು ನಿಯಮ. ಓದಿದವರು ಮುಂದೆ, ತಪ್ಪಿದವರು ಸಾಲಿನ ಹಿಂದೆ. ಹಿಂದೆ ಇಂಬಳ ಜಾಸ್ತಿ, ಹಾಗಾಗಿ ಎಲ್ಲರೂ ಶ್ರದ್ಧೆಯಿಂದ ಓದುತ್ತಾರೆ. ಈ ಹುಡುಗಿ ಹತ್ತಕ್ಕೇ ಓದು ಬಿಟ್ಟಿದ್ದರೆ ಬೆಳಿಗ್ಗೆ ಈ ಸಾಲನ್ನು ಸಂಕ ದಾಟಿಸುವವರು ಯಾರು? ಮಳೆ ಜೋರಿದ್ದ ದಿನ ತಾಯಂದಿರು 'ಅಕ್ಕ ಇದ್ದಾಳಲ್ಲ' ಎಂದು ಕಳಿಸುತ್ತಾರೆ. ಅಕ್ಕ ಇಲ್ಲದಿದ್ದರೆ ರಜೆ. ಅವಳ ಕಾಲೇಜು, ಅವಳ ವಿದ್ಯಾರ್ಥಿವೇತನ ಎಂದು ಸರ್ಕಾರ ಒಂದು ಹೆಸರಿನಲ್ಲಿ ಬರೆದುಕೊಳ್ಳುವ ಖರ್ಚಿನಲ್ಲಿ ಈ ಸಾಲಿನ ಅಷ್ಟೂ ಮಕ್ಕಳ ಅಕ್ಷರ ನಡೆಯುತ್ತಿದೆ. ಯಾವ ಕಡತದಲ್ಲೂ ಅದು ಕಾಣುವುದಿಲ್ಲ.

ಶಾಲೆಯ ಹೊರಗೆ ಅಕ್ಷರ ಕಲಿಯುವುದು ಈ ನಾಡಿಗೆ ಹೊಸದಲ್ಲ. ಕೊಪ್ಪ ತಾಲ್ಲೂಕಿನದೇ ಹಿರೇಕೊಡಿಗೆಯಲ್ಲಿ 1904ರ ಡಿಸೆಂಬರ್ 29ರಂದು ಕುವೆಂಪು ಹುಟ್ಟಿದ್ದು. ಅದು ತಾಯಿಯ ತವರು. ಬೆಳೆದದ್ದು ತೀರ್ಥಹಳ್ಳಿಯ ಕುಪ್ಪಳಿಯಲ್ಲಿ. ಆ ಕಾಲದ ಒಂಟಿ ಮನೆಗಳಿಗೆ ಶಾಲೆ ಎಲ್ಲಿಂದ ಬರಬೇಕು? ಘಟ್ಟದ ಕೆಳಗಿನಿಂದ ಐಗಳನ್ನು ಕರೆಸಿ ಮನೆಯ ಜಗಲಿಯಲ್ಲೇ ಪಾಠ. ಕುವೆಂಪು ಅವರ ಮೊದಲ ಅಕ್ಷರವೂ ಹಾಗೆ ದಕ್ಷಿಣ ಕನ್ನಡದಿಂದ ಬಂದ ಮೇಷ್ಟರಿಂದಲೇ. 2020ರಲ್ಲಿ ವಿದ್ಯಾಗಮ ಎಂದು ಶಿಕ್ಷಕರು ಊರೂರಿಗೆ ಹೋಗಿ ಕಟ್ಟೆ, ಜಗಲಿಗಳಲ್ಲಿ ಪಾಠ ಮಾಡಿದಾಗ ಮಲೆನಾಡಿನ ಅಜ್ಜಂದಿರಿಗೆ ಅದು ಹೊಸದೆನಿಸಲಿಲ್ಲವಂತೆ. ಹೊಸದೆನಿಸಿದ್ದು ಮೊಬೈಲ್ ಹಿಡಿದು ಗುಡ್ಡದ ನೆತ್ತಿಗೆ ಹೋಗಿ ನೆಟ್‌ವರ್ಕಿಗಾಗಿ ಕಾಯುವ ಮೊಮ್ಮಕ್ಕಳು.

ತುಂಗೆಯ ದಂಡೆಯ ಹರಿಹರಪುರ ದಾಟಿ ಶೃಂಗೇರಿಗೆ ಬಂದಾಗ ನನ್ನ ಬಳಿ ಒಣಗಿದ ಬಟ್ಟೆ ಒಂದೂ ಉಳಿದಿರಲಿಲ್ಲ. ಲಾಡ್ಜಿನ ಕೋಣೆಯಲ್ಲಿ ಫ್ಯಾನಿನ ಕೆಳಗೆ ಹರವಿದ ಅಂಗಿ ಬೆಳಗಿನ ಹೊತ್ತಿಗೆ ಇನ್ನಷ್ಟು ಒದ್ದೆಯಾಗಿತ್ತು. ಇದು ಹೇಗೆ ಸಾಧ್ಯ ಎಂದು ಕೇಳಿದ್ದಕ್ಕೆ ಲಾಡ್ಜಿನ ಹುಡುಗ, "ಫ್ಯಾನ್ ಹಾಕಿದ್ರೆ ಹಂಗೆ ಸರ್, ಹೊರಗಿನ ಥಂಡಿ ಒಳಗೆ ಬರ್ತದೆ" ಎಂದ. ಭೌತಶಾಸ್ತ್ರದ ವಿವರಣೆ ಕೇಳುವ ಚೈತನ್ಯ ಇರಲಿಲ್ಲ.

ವಿದ್ಯಾಶಂಕರ ದೇವಾಲಯದ ಹನ್ನೆರಡು ರಾಶಿಗಳ ಕಂಬಗಳ ಸುತ್ತ ಪ್ರವಾಸಿಗಳು ತಮ್ಮ ತಮ್ಮ ರಾಶಿ ಹುಡುಕುತ್ತಿದ್ದಾರೆ. ಮೆಟ್ಟಿಲ ಕೆಳಗೆ ತುಂಗೆಯ ಮೀನುಗಳು ಮಂಡಕ್ಕಿಗೆ ಮೇಲೆದ್ದು ಬಾಯಿ ತೆರೆಯುತ್ತವೆ. ನಮ್ಮ ಕಡೆಯ ಕೆರೆಯಲ್ಲಿ ಇಷ್ಟು ದಪ್ಪದ ಮೀನು ಇಷ್ಟು ಧೈರ್ಯವಾಗಿ ಮೇಲೆ ಬಂದರೆ ಸಂಜೆಗೆ ಸಾರಾಗಿರುತ್ತದೆ. ಶಾರದೆಯ ಸನ್ನಿಧಿಯಲ್ಲಿ ಅಕ್ಷರಾಭ್ಯಾಸ. ಬೆಂಗಳೂರು, ಹೈದರಾಬಾದು, ಎಲ್ಲೆಲ್ಲಿಂದಲೋ ಬಂದ ಅಪ್ಪ ಅಮ್ಮಂದಿರು ರೇಷ್ಮೆ ಉಟ್ಟ ಎರಡು ಮೂರು ವರ್ಷದ ಕೂಸುಗಳನ್ನು ತೊಡೆಯ ಮೇಲಿಟ್ಟುಕೊಂಡು ಸಾಲಾಗಿ ಕೂತಿದ್ದಾರೆ. ತಟ್ಟೆಯ ಅಕ್ಕಿಯ ಮೇಲೆ ಅಪ್ಪನ ದೊಡ್ಡ ಬೆರಳಿನೊಳಗೆ ಸಿಕ್ಕಿದ ಪುಟ್ಟ ಬೆರಳು ಓಂಕಾರ ಬರೆಯುತ್ತದೆ. ಒಂದು ಮಗು ಬರೆಯುವ ಮೊದಲೇ ಅಕ್ಕಿ ಬಾಯಿಗೆ ಹಾಕಿಕೊಂಡಿತು, ಇನ್ನೊಂದು ಬಳಪ ಕಚ್ಚಿತು. ನೋಡುತ್ತಾ ನನಗೆ ಆ ಗ್ರಂಥಾಲಯದಲ್ಲಿ ಹಲ್ಲಿಲ್ಲದವನ ಬೆರಳು ಹಿಡಿದ ಕೈಯೇ ಕಣ್ಣ ಮುಂದೆ ಬರುತ್ತಿತ್ತು. ಇಲ್ಲಿ ಬರೆದದ್ದನ್ನು ನಾಳೆಯಿಂದ ದಿನಾ ಬರೆಯಿಸುವವರು ಯಾರೆಂಬುದೇ ಮುಂದಿನ ಕಥೆಯಲ್ಲವೇ? ಹೊರಗೆ ಬಂದರೆ ಕಾಲೇಜಿನ ಹುಡುಗ ಹುಡುಗಿಯರು ಕೊಡೆಗಳ ಅಡಿಯಲ್ಲಿ ಗುಂಪಾಗಿ ಹೋಗುತ್ತಿದ್ದಾರೆ. ನೆಮ್ಮಾರು, ಕೆರೆಕಟ್ಟೆ, ಬೇಗಾರು ಕಡೆಯ ಕಾಡೂರುಗಳಿಂದ ಬರುವವರಿಗೆ ಬೆಳಗಿನ ಬಸ್ಸು ತಪ್ಪಿದರೆ ಆ ದಿನದ ಕಾಲೇಜು ತಪ್ಪಿದ ಹಾಗೆ.

ಕೊನೆಗೆ ಕಿಗ್ಗಕ್ಕೆ ಹೋದೆ. ಆಗುಂಬೆಯೊಂದಿಗೆ ಮಳೆಯಲ್ಲಿ ಪೈಪೋಟಿ ಮಾಡುವ ಊರು. ಚಳ್ಳಕೆರೆಯಲ್ಲಿ ಒಂದು ವರ್ಷಕ್ಕೆ ಬೀಳುವಷ್ಟು ಇಲ್ಲಿ ಒಂದು ವಾರದಲ್ಲಿ ಬಿದ್ದರೂ ಯಾರೂ ಅದನ್ನು ಸುದ್ದಿ ಎನ್ನುವುದಿಲ್ಲ. ಮಳೆ ಬೇಕೆಂದವರೂ ಸಾಕೆಂದವರೂ ಬಂದು ಬೇಡಿಕೊಳ್ಳುವುದು ಇಲ್ಲಿಯ ಋಷ್ಯಶೃಂಗೇಶ್ವರನನ್ನೇ. ದೇವಸ್ಥಾನದ ಕಡೆ ಹೆಜ್ಜೆ ಹಾಕುವಾಗ ಬಸ್ಸಿನಲ್ಲಿ ಜೊತೆಗೆ ಬಂದಿದ್ದ ಅಕ್ಕ ತಮ್ಮ ಹಿಂದೆಯೇ ಬಂದರು. ಅಕ್ಕ ಹತ್ತನೆಯದು, ತಮ್ಮ ಮೂರನೆಯದು.

"ನಿಮ್ಮೂರಲ್ಲಿ ಮಳೆ ರಜೆ ಎಷ್ಟು ದಿನ ಕೊಡ್ತಾರೆ?" ತಮ್ಮನ ಪ್ರಶ್ನೆ.

ಕೊಡುವುದೇ ಇಲ್ಲ ಎಂದೆ. ಅವನ ಮುಖದಲ್ಲಿ ಬಂದ ಮರುಕ ನೋಡಬೇಕಿತ್ತು. "ಹಂಗಾದ್ರೆ ಒಳಗೆ ಹೋಗಿ ಮಳೆ ಬೇಕು ಅಂತ ಕೇಳ್ಕೊಳಿ" ಎಂದು ಉಪಾಯ ಹೇಳಿಕೊಟ್ಟ. ಸ್ವಲ್ಪ ಯೋಚಿಸಿ, "ಇಲ್ಲಿಗೂ ಸೋಮವಾರ ಜೋರಾಗಿ ಬರ್ಲಿ ಅಂತ ಹೇಳಿ, ನಮಗೆ ಮಗ್ಗಿ ಪರೀಕ್ಷೆ" ಎಂದ.

"ಸುಮ್ನಿರಾ," ಎಂದು ಅಕ್ಕ ಅವನ ತಲೆಗೆ ಮೊಟಕಿ, ನನ್ನ ಕಡೆ ತಿರುಗಿ ಗಂಭೀರವಾಗಿ, "ಸರ್, ಸೋಮವಾರ ಮಾತ್ರ ಬೇಡ. ನಮಗೆ ಯೂನಿಟ್ ಟೆಸ್ಟು, ಜೋರು ಮಳೆ ಬಂದ್ರೆ ಬೆಳಗಿನ ಬಸ್ಸು ಬರಲ್ಲ" ಎಂದಳು.

ಒಳಗೆ ಅರ್ಚಕರು ಸಂಕಲ್ಪ ಕೇಳಿದಾಗ ನನ್ನ ಕೈಯಲ್ಲಿ ಮೂರು ಅರ್ಜಿಗಳಿದ್ದವು: ಚಳ್ಳಕೆರೆಗೆ ಬೇಕು, ಕಿಗ್ಗಕ್ಕೆ ಸೋಮವಾರ ಬೇಕು, ಕಿಗ್ಗಕ್ಕೆ ಸೋಮವಾರ ಬೇಡ. ಹೆಸರು ನಕ್ಷತ್ರ ಹೇಳಿ ಸುಮ್ಮನಾದೆ. "ಇಷ್ಟಾರ್ಥ?" ಎಂದು ಮತ್ತೆ ಕೇಳಿದರು. ಹಿಂದೆ ತಿರುಗಿದರೆ ಕಂಬದ ಮರೆಯಲ್ಲಿ ಅಕ್ಕ ತಮ್ಮ ಇಬ್ಬರೂ ಕೈಮುಗಿದು ನನ್ನ ಬಾಯನ್ನೇ ನೋಡುತ್ತಿದ್ದಾರೆ.

"ಬೆಳಗಿನ ಬಸ್ಸು ಬರಲಿ" ಎಂದೆ. ಅರ್ಚಕರು ಒಂದು ಕ್ಷಣ ನನ್ನನ್ನು ನೋಡಿ, ಅದನ್ನು ಸಂಸ್ಕೃತದಲ್ಲಿ ಏನೆಂದು ಹೇಳಿದರೋ ತಿಳಿಯಲಿಲ್ಲ.